ಬಡ ಮಣ್ಣಿಗೆ ಅಪ್ಸೆಣಬೋ, ಡಯಾಂಚವೋ, ತೊಗರಿಯೋ?

ಮಳೆ ನಿಂತ ಕೂಡಲೇ ಗಟ್ಟಿಯಾಗುವ, ಸಾವಯವ ಅಂಶ ತೀರಾ ಕಡಿಮೆಯಿದ್ದ ಕೆಂಪು ಗರಸು ನೆಲ. ಅದನ್ನು ಫಲವತ್ತಾಗಿಸಲು ಯಾವ ಬೆಳೆ ಒಳ್ಳೆಯದೆಂದು ತಿಳಿಯಲು, ಪಟ್ಟೆಗಳಾಗಿ ಮಾಡಿ ಹಸಿರೆಲೆ ಗೊಬ್ಬರದ ಬೆಳೆಗಳಾದ ಅಪ್ಸೆಣಬು, ಡಯಾಂಚ, ಜೊತೆಗೆ ಅಲಸಂದೆ, ತೊಗರಿಗಳನ್ನು ಅಕ್ಕಪಕ್ಕದಲ್ಲೇ ಬೆಳೆದು ನೋಡಿದೆ.

ಬೇಗ ಫಲ ಕಾಣಬೇಕೆಂದರೆ ಅಪ್ಸೆಣಬೇ ಸರಿ. ದಟ್ಟವಾಗಿ ಬಿತ್ತಿದರೆ ನೆಲ ಮುಚ್ಚಿ ಕಳೆಗೆ ಬಿಸಿಲೇ ಸಿಗದಂತೆ ಮಾಡುತ್ತದೆ. ಬೇರಿನಲ್ಲಿ ರೋಗದ ಗಂಟು ಎಬ್ಬಿಸುವ ಸೂಕ್ಷ್ಮ ಜಂತುಹುಳುವಿನ ಕಾಟವನ್ನೂ ತಗ್ಗಿಸುವುದರಿಂದ, ಮುಂದೆ ಟೊಮೆಟೊ, ಬದನೆ ಹಾಕುವವರಿಗೆ ಅನುಕೂಲ. ಆದರೆ ಹೂ ಬರುವ ಹೊತ್ತಿಗೆ, ಅಂದರೆ 45ರಿಂದ 60 ದಿನದೊಳಗೆ, ಮಣ್ಣಿಗೆ ಸೇರಿಸಲೇಬೇಕು. ತಡವಾದರೆ ಕಾಂಡ ನಾರುಗಟ್ಟುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಮುಂದಿನ ಬೆಳೆ ಸ್ವಲ್ಪ ಕಾಲ ಹಳದಿಗಟ್ಟಿ ನಿಲ್ಲುತ್ತದೆ. ನೀರು ನಿಂತರಂತೂ ಅಪ್ಸೆಣಬು ತಾಳುವುದಿಲ್ಲ. ತಗ್ಗಿನ ಜಾಗದಲ್ಲಿ, ಸವುಳು ಮಣ್ಣಿನಲ್ಲಿ ಡಯಾಂಚವೇ ಗೆಲ್ಲುವುದು.

ಅಲಸಂದೆ ಕಾಳೂ ಕೊಡುತ್ತದೆ, ಮೇವೂ ಕೊಡುತ್ತದೆ. ಎರಡನ್ನೂ ಒಯ್ದರೆ ಮಣ್ಣಿಗೆ ಉಳಿಯುವುದು ಬೇರು, ಉದುರಿದ ಎಲೆ ಅಷ್ಟೇ. ಗಿಡ ಗಾಳಿಯಿಂದ ಹಿಡಿದಿಟ್ಟ ಸಾರಜನಕದ ದೊಡ್ಡ ಪಾಲು ಕಾಳಿನ ಜೊತೆಗೇ ಹೋಗುತ್ತದೆ. ಕಾಯಿ ಬಿಡಿಸಿಕೊಂಡು ಬಳ್ಳಿಯನ್ನು ಅಲ್ಲೇ ಬಿಟ್ಟರೆ ಪರವಾಗಿಲ್ಲ.

ನನಗೆ ಹೆಚ್ಚು ನಂಬಿಕೆ ಬಂದದ್ದು ತೊಗರಿಯ ಮೇಲೆ. ಶುರುವಿನಲ್ಲಿ ನಿಧಾನ, ಮೊದಲೆರಡು ತಿಂಗಳು ಕಳೆ ತೆಗೆಯುತ್ತಲೇ ಇರಬೇಕು. ಆಮೇಲೆ ತಾಯಿಬೇರು ಆಳಕ್ಕಿಳಿದು ಗಟ್ಟಿ ಪದರವನ್ನು ಸೀಳುತ್ತದೆ, ಎಲೆ ಉದುರಿ ಹೊದಿಕೆಯಾಗುತ್ತದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಬೇರೆ ಬೆಳೆಗಳಿಗೆ ಸುಲಭವಾಗಿ ಸಿಗದ ರಂಜಕವನ್ನು, ತೊಗರಿಯ ಬೇರು ಸೂಸುವ ಆಮ್ಲಗಳು ಬಿಡಿಸುತ್ತವೆ. ಕಾಳು ಒಯ್ದ ಮೇಲೂ ನೆಲಕ್ಕೆ ಇಷ್ಟು ಉಳಿಸುವ ಬೆಳೆ ಈ ನಾಲ್ಕರಲ್ಲಿ ಇನ್ನೊಂದಿಲ್ಲ.

ಯಾವುದನ್ನೇ ಬೆಳೆದರೂ ಹೂವಿಗೆ ಮುಂಚೆ ಒಂದೆರಡು ಗಿಡ ಕಿತ್ತು ಸಾರಜನಕ ಹಿಡಿದಿಡುವ ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಗಾಳಿಯ ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ. ಬಿಳುಪು ಅಥವಾ ಹಸಿರಾಗಿದ್ದರೆ ಇಲ್ಲ. ಆಗ ಯೂರಿಯಾ ಚೆಲ್ಲಬಾರದು, ಅದು ಗಂಟು ಕಟ್ಟುವುದನ್ನೇ ತಡೆಯುತ್ತದೆ. ಮುಂದಿನ ಬಿತ್ತನೆಗೆ ಆಯಾ ಬೆಳೆಗೆ ಹೊಂದುವ ರೈಜೋಬಿಯಂನಿಂದ ಬೀಜೋಪಚಾರ ಮಾಡಿ, ಮಣ್ಣಿನಲ್ಲಿ ರಂಜಕ ಕಡಿಮೆಯಿದ್ದರೆ ಅದನ್ನೂ ಕೊಡಿ.