ವೆರಾಕ್ರಿಪ್ಟ್: ಮನೆಯ ಪೆನ್‌ಡ್ರೈವ್‌ಗೆ ಗಟ್ಟಿ ಬೀಗ, ಜೆರಾಕ್ಸ್ ಅಂಗಡಿಗೆ ಆಗಿಬರದು

ದಾವಣಗೆರೆಯ ಪಿ.ಬಿ. ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಪೆನ್‌ಡ್ರೈವ್ ಹಾಕಿದರೆ ಸಾಕು, ಪಹಣಿ, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಹಿಂದೆ ನಿಂತವರ ಕಣ್ಣಿಗೂ ಬೀಳುತ್ತವೆ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ, ನಿಜ. ಆದರೆ ಹೆಸರಿನ ಮೊದಲ ನಾಲ್ಕು ಅಕ್ಷರ, ಮುಂದೆ ಹುಟ್ಟಿದ ವರ್ಷ. ಪರಿಚಯದವರಿಗೆ ಅದೇನು ಗುಟ್ಟು?

ವೆರಾಕ್ರಿಪ್ಟ್ ಫೈಲ್‌ಗಳಿಗೆ ಪಾಸ್‌ವರ್ಡ್ ಬೀಗ ಹಾಕುವ ತಂತ್ರಾಂಶ, ಉಚಿತ. 2014ರಲ್ಲಿ ನಿಂತುಹೋದ ಇಂಥದೇ ತಂತ್ರಾಂಶ ಟ್ರೂಕ್ರಿಪ್ಟ್‌ನ ಕೋಡಿನಿಂದಲೇ ಬೆಳೆದದ್ದು. ‘ಕ್ರಿಯೇಟ್ ವಾಲ್ಯೂಮ್’ ಒತ್ತಿ ಮೊದಲ ಆಯ್ಕೆಯನ್ನೇ, ಅಂದರೆ ಫೈಲ್ ಕಂಟೇನರ್ (ಕಾಗದಪತ್ರ ತುಂಬಿಡುವ, ಬೀಗದ ಪೆಟ್ಟಿಗೆಯಂಥ ಒಂದು ಫೈಲ್) ಅನ್ನೇ ಆರಿಸಿ. ಕಾಗದಪತ್ರಗಳಿಗೆ 2 ಜಿಬಿ ಧಾರಾಳ. ಡ್ರೈವ್ ಎಫ್‌ಎಟಿ32 ಎಂಬ ಹಳೆಯ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿ ಮುಟ್ಟುವ ಕಂಟೇನರ್ ಕೂರುವುದೇ ಇಲ್ಲ. ಗೂಢಲಿಪಿ ವಿಧಾನ (ಸೈಫರ್) ಎಇಎಸ್ ಇದ್ದಂತೆಯೇ ಇರಲಿ. ಮೂರು ಸೈಫರ್ ಪೇರಿಸಿ ಪಾಸ್‌ವರ್ಡ್ ಮಾತ್ರ ‘ದಾವಣಗೆರೆ123’ ಎಂದಿಟ್ಟರೆ ಬಾಗಿಲು ಉಕ್ಕಿನದು, ಚಿಲಕ ದಾರದ್ದು. 20 ಅಕ್ಷರಕ್ಕಿಂತ ಚಿಕ್ಕದಾದರೆ ತಂತ್ರಾಂಶವೇ ಎಚ್ಚರಿಸುತ್ತದೆ. ಒಂದಕ್ಕೊಂದು ನಂಟಿಲ್ಲದ ಆರು ಪದ ಪೋಣಿಸಿ. ಆಮೇಲೆ ಕೆಳಗಿನ ಪಟ್ಟಿ ಹಸಿರಾಗುವವರೆಗೆ ಮೌಸ್ ಅತ್ತಿತ್ತ ಆಡಿಸಿ, ‘ಫಾರ್ಮ್ಯಾಟ್’ ಒತ್ತಿ. ಪ್ರತಿ ಸಲ ತೆರೆಯುವಾಗ ಕೆಲವು ಸೆಕೆಂಡು ಕಾಯಿಸುತ್ತದೆ. ಪಾಸ್‌ವರ್ಡನ್ನು ಲಕ್ಷಗಟ್ಟಲೆ ಸಲ ಅರೆಯುವುದರ ಬೆಲೆ ಅದು; ಊಹಿಸಿ ಊಹಿಸಿ ನೋಡುವ ಕಳ್ಳನಿಗೂ ಅದೇ ತಡ.

ಕೆಡುವುದು ಎಲ್ಲಿ? ಎರಡನೇ ಆಯ್ಕೆಯಲ್ಲಿ ಇಡೀ ಪೆನ್‌ಡ್ರೈವ್‌ಗೆ ಬೀಗ ಹಾಕಿದವರಿಗೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಮನೆಯವರು ಯಾರಾದರೂ ಹೂಂ ಎಂದರೆ ಮುಗಿಯಿತು. ತಂತ್ರಾಂಶದಲ್ಲಿ ಮುಚ್ಚದೆ (ಅನ್‌ಮೌಂಟ್ ಮಾಡದೆ) ಡ್ರೈವ್ ಕಿತ್ತರೆ ಒಳಗಿನ ಫೈಲ್ ಹಾಳಾಗಬಹುದು; ಡೆಸ್ಕ್‌ಟಾಪ್‌ನಲ್ಲಿ ಕೆಲಸ ನಡೆದಾಗ ಕರೆಂಟ್ ಹೋದರೂ ಅದೇ ಗತಿ. ಬೀಗದ ಕೀಲಿ ಅಡಗಿರುವ ಮೊದಲ ಭಾಗ, ಅಂದರೆ ಹೆಡರ್, ಕೆಟ್ಟರೆ ಸರಿಯಾದ ಪಾಸ್‌ವರ್ಡ್‌ಗೂ ಬಾಗಿಲು ತೆರೆಯದು. ಕಂಟೇನರ್ ಕೊನೆಯಲ್ಲಿ ಹೆಡರ್‌ನ ಒಂದು ಪ್ರತಿ ಇರುತ್ತದೆ, ಆದರೂ ‘ಟೂಲ್ಸ್’ನಲ್ಲಿ ಹೆಡರ್ ಬ್ಯಾಕಪ್ ತೆಗೆದು ಬೇರೆಡೆ ಇಡಿ. ಕ್ಲೌಡ್‌ನಲ್ಲಿ ಇಡುವವರಿಗೆ ಇನ್ನೊಂದು ಕಾಟ: ಒಳಗೆ ಏನೇ ಬದಲಾದರೂ ಕಂಟೇನರ್‌ನ ತಾರೀಖು ಹಳೆಯದೇ ಉಳಿಯುತ್ತದೆ, ಹಾಗಾಗಿ ಸಿಂಕ್ ಆಗದೇ ಹೋಗಬಹುದು. ಪ್ರಿಫರೆನ್ಸಸ್‌ನಲ್ಲಿ ಟೈಮ್‌ಸ್ಟ್ಯಾಂಪ್ ಉಳಿಸುವ ಟಿಕ್ ತೆಗೆಯಿರಿ. ಬೀಗ ಹಾಕುವ ಮುಂಚೆ ಡ್ರೈವ್‌ನಲ್ಲಿ ಬಯಲಾಗಿದ್ದ ಪ್ರತಿಗಳು ಅಳಿಸಿದ ಮೇಲೂ ರಿಕವರಿ ತಂತ್ರಾಂಶಕ್ಕೆ ಸಿಗಬಹುದು. ಹೊಸ ಡ್ರೈವ್‌ನಲ್ಲೇ ಶುರುಮಾಡುವುದು ಮೇಲು.

ಜೆರಾಕ್ಸ್ ಅಂಗಡಿಯ ಮಾತಿಗೆ ಬಂದರೆ ಈ ಬೀಗ ಸಾಲದು. ಇನ್‌ಸ್ಟಾಲ್ ಮಾಡದೆ ನಡೆಸಲೂ ಅಡ್ಮಿನ್ ಅನುಮತಿ ಬೇಕು. ಅದು ಸಿಕ್ಕರೂ ಪಾಸ್‌ವರ್ಡ್ ಒತ್ತುವುದು ಅವರ ಕೀಬೋರ್ಡ್‌ನಲ್ಲಿ, ತೆರೆದ ಮೇಲೆ ಎಲ್ಲ ಫೈಲೂ ಅವರ ಕಂಪ್ಯೂಟರ್‌ಗೆ ಬಯಲು. ಪ್ರಿಂಟ್‌ಗೆ ಬೇಕಾದ ಒಂದೇ ಒಂದು ಹಾಳೆಯನ್ನು ಬೇರೆ ಖಾಲಿ ಡ್ರೈವ್‌ಗೆ ಹಾಕಿಕೊಂಡು ಹೋಗಿ, ಕಂಟೇನರ್ ಮನೆಯಲ್ಲೇ ಇರಲಿ.