ಬೋಟಿನ ಆಯಿಲ್‌ಗೆ ನೀರು ಬಂದದ್ದು ಎಲ್ಲಿಂದ? ಕೈಪಂಪಿನ ಪ್ರೆಶರ್ ಟೆಸ್ಟರ್ ಎಷ್ಟು ಹೇಳುತ್ತದೆ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿಯುತ್ತಿದ್ದಂತೆ ಮಲ್ಪೆ, ಗಂಗೊಳ್ಳಿ ದಕ್ಕೆಗಳಲ್ಲಿ ಹಳೇ ಬೋಟುಗಳ ಆಯಿಲ್ ಮಟ್ಟ ನೋಡುವ ಡಿಪ್ ಸ್ಟಿಕ್ ಹೊರಬರುತ್ತವೆ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಮಟ್ಟವೂ ಗೆರೆ ದಾಟಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಹೆಚ್ಚಿನವರು ಆಗಲೇ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಬಿಚ್ಚಲು ಹೊರಡುತ್ತಾರೆ. ಕೈಪಂಪಿನಿಂದ ಇಂಜಿನ್ ತಣಿಸುವ ನೀರಿಗೆ ಒತ್ತಡ ಕೊಟ್ಟು ಸೋರಿಕೆ ಹಿಡಿಯುವ, ಕೆಲವು ಸಾವಿರ ರೂಪಾಯಿಗೆ ಸಿಗುವ ಕೂಲಿಂಗ್ ಸಿಸ್ಟಂ ಪ್ರೆಶರ್ ಟೆಸ್ಟರ್ ಕಿಟ್ ಆ ಖರ್ಚನ್ನು ಹಲವು ಸಲ ಉಳಿಸುತ್ತದೆ. ಆದರೆ ಅದು ಕೆಲಸಕ್ಕೆ ಬರುವುದು ಸಿಹಿನೀರಿನ ಮುಚ್ಚಿದ ಸುತ್ತು, ಅಂದರೆ ಹೀಟ್ ಎಕ್ಸ್‌ಚೇಂಜರ್ (ಸಮುದ್ರದ ನೀರಿನಿಂದ ಸಿಹಿನೀರನ್ನು ತಣಿಸುವ ಭಾಗ) ಅಥವಾ ಕೀಲ್ ಕೂಲಿಂಗ್ (ಬೋಟಿನ ತಳದ ಹೊರಗಿನ ಕೊಳವೆಯಲ್ಲಿ ಸಿಹಿನೀರು ತಣಿಯುವ ವ್ಯವಸ್ಥೆ) ಇರುವ ಇಂಜಿನ್‌ಗೆ. ಸಮುದ್ರದ ನೀರನ್ನೇ ನೇರವಾಗಿ ಬ್ಲಾಕ್‌ಗೆ ಹಾಯಿಸುವ ಇಂಜಿನ್ ನಿಮ್ಮದಾದರೆ ಕೊಳ್ಳಬೇಡಿ.

ನೀರು ಇದೆಯೋ ಇಲ್ಲವೋ ತಿಳಿಯಲು ಈ ಕಿಟ್ ಬೇಕಿಲ್ಲ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕಬ್ಬಿಣದ ತಟ್ಟೆಗೆ ಒಂದು ಹನಿ ಆಯಿಲ್ ಬಿಡಿ. ಚಟಪಟ ಎಂದು ಗುಳ್ಳೆ ಎದ್ದರೆ ನೀರು ಹೆಚ್ಚುಕಮ್ಮಿ ಶೇ 0.1 ಅಥವಾ ಅದಕ್ಕಿಂತ ಹೆಚ್ಚಿದೆ. ಕಣ್ಣಿಗೆ ಕನ್ನಡಕವಿರಲಿ, ಈ ಪರೀಕ್ಷೆಯನ್ನು ಇಂಜಿನ್ ರೂಮಿನೊಳಗೆ ಮಾಡಬೇಡಿ. ಆಯಿಲ್ ತುಂಬುವ ಫಿಲ್ಲರ್ ಮುಚ್ಚಳದ ಅಡಿಯಲ್ಲಿ ಮಾತ್ರ ಬಿಳಿ ಕೆನೆಯಿದ್ದು, ಡಿಪ್ ಸ್ಟಿಕ್ ಸ್ವಚ್ಛವಾಗಿದ್ದರೆ ಅದು ಬಹುತೇಕ ತೇವಾಂಶ ತಣಿದು ಕಟ್ಟಿದ್ದು. ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿದರೆ ಹೋಗುತ್ತದೆ.

ಬಂದದ್ದು ಯಾವ ನೀರು ಎಂಬುದೇ ಮುಖ್ಯ. ರಾತ್ರಿಯಿಡೀ ಇಂಜಿನ್ ನಿಂತ ಮೇಲೆ ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಪ್ಲಗ್ ನಿಧಾನವಾಗಿ ಸಡಿಲಿಸಿ. ಆಯಿಲ್‌ನಿಂದ ಬೇರೆಯಾದ ನೀರು ತಳದಲ್ಲಿದ್ದು ಮೊದಲು ಇಳಿಯುತ್ತದೆ. ಅದಕ್ಕೆ ಎರಡು ಹನಿ ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿದಾಗ ದಪ್ಪ ಬಿಳಿ ಮೊಸರುಗಟ್ಟಿದರೆ ಸಮುದ್ರದ ನೀರು. ತೆಳು ಮಬ್ಬನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬಾವಿನೀರಿಗೂ ಅಷ್ಟು ಬರುತ್ತದೆ. ನಾಲಿಗೆಗೆ ತಾಗಿಸಿ ನೋಡುವ ಅಭ್ಯಾಸ ಬಿಡಿ, ಸಿಹಿನೀರಿನ ಸುತ್ತಿಗೆ ಹಾಕುವ ಕೂಲೆಂಟಿನಲ್ಲಿರುವ ಗ್ಲೈಕಾಲ್ ವಿಷ. ಉಪ್ಪೂ ಇಲ್ಲ, ಕೂಲೆಂಟಿನ ಬಣ್ಣವೂ ಇಲ್ಲ, ಹೆಡರ್ ಟ್ಯಾಂಕ್ (ಸಿಹಿನೀರು ತುಂಬುವ ಮೇಲಿನ ಟ್ಯಾಂಕ್) ತುಂಬಿಯೇ ಇದೆ ಎಂದರೆ ಮೊದಲು ಸೈಲೆನ್ಸರ್ ಕೊಳವೆ ನೋಡಿ. ಮುಚ್ಚದೆ ಬಿಟ್ಟಿದ್ದರೆ ಮಳೆನೀರು ಸಿಲಿಂಡರಿಗೆ ಇಳಿದಿರಬಹುದು. ಆಗ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಇಂಜೆಕ್ಟರ್‌ಗಳನ್ನು ತೆಗೆದು ಕೈಯಿಂದ ತಿರುಗಿಸಿ, ನೀರು ಹೊರಗೆ ಚಿಮ್ಮಲಿ.

ಸಿಹಿನೀರು ಎಂದು ಗೊತ್ತಾದರೆ ಕಿಟ್‌ಗೆ ಕೆಲಸ. ಇದರ ದೊಡ್ಡ ಗುಣ ಆಯಿಲ್ ಕೂಲರ್‌ನ ಸೋರಿಕೆ ಹಿಡಿಯುವುದು. ಇಂಜಿನ್ ಓಡುವಾಗ ಆಯಿಲ್‌ನ ಒತ್ತಡ ನೀರಿನದಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ತೂತಿನಿಂದ ಆಯಿಲೇ ನೀರಿಗೆ ಹೋಗುತ್ತದೆ. ಹೆಡರ್ ಟ್ಯಾಂಕಿನಲ್ಲಿ ಜಿಡ್ಡು ತೇಲುತ್ತದೆ. ಇಂಜಿನ್ ನಿಂತ ಮೇಲೆ ಆಯಿಲ್ ಒತ್ತಡ ಸೊನ್ನೆ, ನೀರಿಗೆ ದಾರಿ ಸಲೀಸು. ಟೆಸ್ಟರ್ ಈ ಎರಡನೇ ಸ್ಥಿತಿಯನ್ನೇ ಜೋರು ಮಾಡಿ ತೋರಿಸುತ್ತದೆ. ಇಂಜಿನ್ ತಣ್ಣಗಿರಬೇಕು. ಹೆಡರ್ ಟ್ಯಾಂಕ್ ತುಂಬಿಸಿ, ಸಂಪ್ ಪ್ಲಗ್ ತೆಗೆದು, ಆಯಿಲ್ ಪೂರ್ತಿ ಇಳಿದ ಮೇಲೆ ಕೆಳಗೆ ಶುಭ್ರ ತಟ್ಟೆ ಇಡಿ. ಟ್ಯಾಂಕಿನ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಿ: 7 ಪಿಎಸ್ಐ (ಒತ್ತಡದ ಅಳತೆ) ಎಂದರೆ 7, 13 ಎಂದರೆ 13. ಅದಕ್ಕಿಂತ ಹೆಚ್ಚು ಕೊಟ್ಟರೆ ಹಳೇ ಹೋಸು, ಸವೆದ ಟ್ಯೂಬು ಒಡೆಯುತ್ತವೆ. 20 ನಿಮಿಷ ಕಾಯಿರಿ. ಮುಳ್ಳು ಇಳಿದು, ಸಂಪಿನಿಂದ ನೀರು ತೊಟ್ಟಿಕ್ಕಿದರೆ ಕೂಲರ್, ಸುತ್ತ ನೀರು ಹರಿಯುವ ಸಿಲಿಂಡರ್ ತೋಳಿನ, ಅಂದರೆ ವೆಟ್ ಲೈನರ್‌ನ ಓ-ರಿಂಗ್ ಅಥವಾ ಹೆಡ್ ಗ್ಯಾಸ್ಕೆಟ್. ಕೂಲರ್ ಬಿಚ್ಚಿ, ಅದರ ನೀರಿನ ದಾರಿ ಬ್ಲಾಕಿನಲ್ಲಿ ಬಂದ್ ಮಾಡಿ ಮತ್ತೆ ಒತ್ತಡ ಕೊಡಿ; ತೊಟ್ಟಿಕ್ಕುವುದು ನಿಂತಿತೆಂದರೆ ಹೆಡ್ ಬಿಚ್ಚುವ ಮಾತೇ ಇಲ್ಲ. ಸಂಪಿನಿಂದ ಏನೂ ಬರದೆ ಮುಳ್ಳು ಮಾತ್ರ ಇಳಿದರೆ ಹೊರಗಿನ ಹೋಸು, ವಾಟರ್ ಪಂಪ್, ಹೀಟ್ ಎಕ್ಸ್‌ಚೇಂಜರ್ ಹುಡುಕಿ. ನೀರು ಸಿಲಿಂಡರಿಗೆ ಇಳಿಯುತ್ತಿದೆಯೇ ಎಂದೂ ಇಂಜೆಕ್ಟರ್ ತೆಗೆದು ನೋಡಿ.

ಕಿಟ್‌ನ ಕೊರತೆಗಳೂ ಇವೆ. ಅದರೊಂದಿಗೆ ಬರುವ ಅಡಾಪ್ಟರ್‌ಗಳೆಲ್ಲ ಕಾರಿನ ರೇಡಿಯೇಟರ್‌ಗೆ ಹೊಂದುವಂಥವು, ಹಳೇ ಮೆರೈನ್ ಹೆಡರ್ ಟ್ಯಾಂಕಿನ ಹಿತ್ತಾಳೆಯ ತಿರುಪು ಬಾಯಿಗೆ ಕೂರುವುದು ಅಪರೂಪ. ನಡುವೆ ನಿಪ್ಪಲ್ ಇರುವ, ಬಿಗಿದರೆ ಉಬ್ಬುವ ರಬ್ಬರ್ ಬಿರಡೆ ಬೇರೆ ಕೊಳ್ಳಬೇಕು; ಅದಿಲ್ಲದಿದ್ದರೆ ಈ ಕಿಟ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅಗ್ಗದ ಪಂಪಿನ ವಾಲ್ವು ತಾನೇ ಸೋರುವುದುಂಟು. ಹಾಗಾಗಿ ತುದಿಯನ್ನು ಬಂದ್ ಮಾಡಿ ಒತ್ತಡ ಹಾಕಿ, 10 ನಿಮಿಷ ಮುಳ್ಳು ಅಲುಗದಿದ್ದರೆ ಮಾತ್ರ ಇಂಜಿನ್‌ಗೆ ಜೋಡಿಸಿ. ಉಪ್ಪುಗಾಳಿಗೆ ಗೇಜಿನ ಮುಳ್ಳು ಬೇಗ ಹಿಡಿದುಕೊಳ್ಳುತ್ತದೆ, ಮುಚ್ಚಿದ ಡಬ್ಬಿಯಲ್ಲಿಡಿ. ಬಿಸಿಯಾದಾಗ ಮಾತ್ರ ಬಾಯಿ ಬಿಡುವ ಹೆಡ್ಡಿನ ಬಿರುಕು ತಣ್ಣನೆ ಪರೀಕ್ಷೆಗೆ ಸಿಗುವುದಿಲ್ಲ. ಅದಕ್ಕೆ ಹೆಡ್ ಇಳಿಸಿ ವರ್ಕ್‌ಶಾಪಿನಲ್ಲೇ ನೋಡಿಸಬೇಕು.

ಸಮುದ್ರದ ನೀರು ಎಂದು ಬಂದರೆ ಟೆಸ್ಟರ್ ಪಕ್ಕಕ್ಕಿಟ್ಟು, ಗೇರಿನಿಂದ ತಿರುಗುವ ಸಮುದ್ರನೀರಿನ ಪಂಪಿನ ಅಡಿಯ ಸಣ್ಣ ಸೋರುಕಂಡಿ ನೋಡಿ. ಅದು ಪೇಂಟು, ಉಪ್ಪು ತುಂಬಿ ಮುಚ್ಚಿಹೋಗಿದ್ದರೆ ಸೀಲ್ ದಾಟಿದ ನೀರು ಹೊರಗೆ ಬೀಳದೆ ನೇರ ಗೇರ್ ಕೇಸಿಗೆ, ಅಲ್ಲಿಂದ ಸಂಪಿಗೆ ಹೋಗುತ್ತದೆ. ತಂತಿ ಹಾಕಿ ಕಂಡಿ ಬಿಡಿಸಿ, ಸೀಲ್ ಬದಲಿಸಿ. ಆಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಲೋಡ್ ಇಲ್ಲದೆ 15 ನಿಮಿಷ ಓಡಿಸಿ, ಬಿಸಿ ಇರುವಾಗಲೇ ಇಳಿಸಿ. ಇಳಿದ ಆಯಿಲ್ ಮಬ್ಬಿಲ್ಲದೆ ಬರುವವರೆಗೆ ಇದೇ ಸುತ್ತು, ಸಾಮಾನ್ಯವಾಗಿ ಎರಡು ಮೂರು ಸಲ. ಉಪ್ಪುನೀರು ಬೇರಿಂಗ್‌ಗಳನ್ನು ತಿನ್ನುತ್ತದೆ. ಇದನ್ನು ನಾಳೆಗೆ ಬಿಡಬಾರದು.