ಹಳೇ ಟರ್ನ್‌ಟೇಬಲ್‌ಗೆ ಹೊಸ ಸೂಜಿ

ನನ್ನ ಹತ್ತಿರ ಇರುವುದು ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2, 1979ರಲ್ಲಿ ಬಂದ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಮಾಡೆಲ್. ಬೆಲ್ಟ್ ಇಲ್ಲ, ರೆಕಾರ್ಡ್ ಇಡುವ ತಟ್ಟೆಯನ್ನು ಮೋಟಾರೇ ನೇರವಾಗಿ ತಿರುಗಿಸುತ್ತದೆ. ಗುಂಡಿ ಒತ್ತಿದ ತಕ್ಷಣ ವೇಗ ಹಿಡಿಯುತ್ತದೆ, ಆ ವಿಷಯದಲ್ಲಿ ದೂರೇ ಇಲ್ಲ. ಹಾಗಾಗಿ ಮೋಟಾರನ್ನು ಸುಮ್ನೆ ಬಿಟ್ಟು ಕಾರ್ಟ್ರಿಜ್, ಅಂದರೆ ತೋಳಿನ ತುದಿಯಲ್ಲಿ ಸೂಜಿ ಹಿಡಿದಿರುವ ಪುಟ್ಟ ಭಾಗ, ಬದಲಿಸಿದೆ. ಹಾಕಿದ್ದು ಆರ್ಟೋಫಾನ್ ಕಂಪನಿಯ 2ಎಂ ಬ್ಲೂ.

ಕೂರಿಸುವ ಕೆಲಸ ಮಾತ್ರ ತಾಳ್ಮೆ ಬೇಡುತ್ತದೆ. ಬಿಳಿ, ನೀಲಿ, ಕೆಂಪು, ಹಸಿರು ಅಂತ ಕೂದಲೆಳೆಯಂಥ ನಾಲ್ಕು ತಂತಿ. ಹಸಿರನ್ನು ಇಕ್ಕಳದಲ್ಲಿ ಎಳೆಯಲು ಹೋಗಿ ಕಿತ್ತೇ ಹಾಕಿದೆ, ಆಮೇಲೆ ಬೆಸುಗೆ ಹಾಕಿಕೊಂಡು ಕೂತೆ. ತಪ್ಪು ನನ್ನದೇ. ಸೂಜಿ ರೆಕಾರ್ಡಿನ ಮೇಲೆ ಒತ್ತುವ ಭಾರವನ್ನು 1.8 ಗ್ರಾಂಗೆ ಇಟ್ಟೆ, ತೋಳಿನ ಮೇಲಿನ ಅಂಕಿ ನಂಬದೆ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ನೋಡಿದರೆ 2ರ ಹತ್ತಿರ ತೋರಿಸಿತು!

ಶಬ್ದ? ಮೊದಲು ರೆಕಾರ್ಡಿನ ಒಳಸುತ್ತಿಗೆ ಬಂದಾಗ, ಅಂದರೆ ಕೊನೆಯ ಹಾಡಿನಲ್ಲಿ, 'ಸ' 'ಶ' ಎಲ್ಲಾ ಚರಚರ ಅನ್ನುತ್ತಿತ್ತು. ಈಗ ಗಾಯಕಿ ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಆದರೆ ಗೀರು ಬಿದ್ದ ಹಳೇ ರೆಕಾರ್ಡುಗಳನ್ನು ಇದು ಕ್ಷಮಿಸುವುದಿಲ್ಲ, ಚಟಪಟ ಮೊದಲಿಗಿಂತ ಜಾಸ್ತಿ ಅನ್ನಿಸುತ್ತದೆ.

ತಟ್ಟೆಯ ಮೇಲಿನ ರಬ್ಬರ್ ಮ್ಯಾಟನ್ನೂ ಬದಲಿಸಿದೆ, ಅದರಿಂದ ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ. ನಿಮ್ಮ ಹತ್ತಿರ ಇದೇ ಸರಣಿಯ 2ಎಂ ರೆಡ್ ಕಾರ್ಟ್ರಿಜ್ ಇದ್ದರೆ ಬ್ಲೂ ಸೂಜಿಯೊಂದನ್ನೇ ತಂದು ಸಿಕ್ಕಿಸಿದರೆ ಸಾಕು, ತಂತಿಗಳ ಗೋಜೇ ಇಲ್ಲ.